ಹದಿನೆಂಟು ಅಧ್ಯಕ್ಷರು ಮತ್ತು ಶಾಂತಕ್ಕ

ನನಗೆ ಅಮೆರಿಕದ ಮೊದಲ ಹದಿನೆಂಟು ಅಧ್ಯಕ್ಷರು ಸಾಲಾಗಿ ಗೊತ್ತು. ಹೆಸರು ಮಾತ್ರ ಕೇಳಬೇಡಿ. ಹೆಸರು ನನ್ನ ನಾಲಿಗೆಗೆ ಹತ್ತುವುದಿಲ್ಲ, ಹತ್ತಿದರೂ ಮೂರನೇ ದಿನಕ್ಕೆ ಉದುರಿಹೋಗುತ್ತದೆ. ನಂಬರು ಮಾತ್ರ ಗಟ್ಟಿಯಾಗಿ ಕೂರುತ್ತದೆ. ಇಪ್ಪತ್ತಾರು ವರ್ಷ ಲಂಡನ್ನಿನ ಕೆಂಪು ಬಸ್ಸು ಓಡಿಸಿದವನ ತಲೆ ಹೀಗೇ ಆಗುತ್ತದೆಂದು ಕಾಣುತ್ತದೆ. ಯಾವ ನಂಬರು ಎಲ್ಲಿಂದ ಹೊರಟು ಎಲ್ಲಿ ಮುಟ್ಟುತ್ತದೆ, ನಡುವೆ ಎಲ್ಲಿ ಕೆಟ್ಟು ನಿಲ್ಲುತ್ತದೆ ಅನ್ನುವುದಷ್ಟೇ ಅದಕ್ಕೆ ಬೇಕು. ಹೀಗಾಗಿ ನನ್ನ ಪಾಲಿಗೆ ಅವರೆಲ್ಲ ಒಂದನೆಯವರು, ಎರಡನೆಯವರು, ಮೂರನೆಯವರು. ಒಂಬತ್ತನೆಯವರು ಹೊರಟ ಒಂದೇ ತಿಂಗಳಿಗೆ ನಿಂತುಹೋದ ಗಾಡಿ. ಹದಿನಾರನೆಯವರು ಎಲ್ಲರಿಗೂ ಗೊತ್ತಿರುವ, ಯಾವಾಗ ನೋಡಿದರೂ ತುಂಬಿ ಹೋಗುವ ರೂಟು. ಹದಿಮೂರು, ಹದಿನಾಲ್ಕು, ಹದಿನೈದು ಹತ್ತುವವರೇ ಇಲ್ಲದ ಬಸ್ಸುಗಳು. ಓಡಿದವು ಎಂದು ದಾಖಲೆಯಲ್ಲಿದೆ, ಅಷ್ಟೆ.

ಧಾರವಾಡ ಸೀಮೆಯಿಂದ ಬಂದು ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ ಮನೆ ಮಾಡಿಕೊಂಡಿರುವ, ಒಂಬತ್ತನೇ ಇಯತ್ತೆ ನಪಾಸಾದ ಅರವತ್ತರ ಮನುಷ್ಯನಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ನನ್ನ ಹೆಂಡತಿ ಶೈಲಾ ಕೇಳುತ್ತಾಳೆ. ಕೇಳುವ ಧಾಟಿಯಲ್ಲೇ ಉತ್ತರ ಬೇಕಾಗಿಲ್ಲ ಎಂಬುದೂ ಇರುತ್ತದೆ. ಉತ್ತರ ಇಷ್ಟೆ: ನಮ್ಮ ಅಕ್ಕನಿಗಾಗಿ. ಆ ಉತ್ತರದ ಹಿಂದೆ ಇನ್ನೊಂದು ಉತ್ತರ ಅಡಗಿದೆ. ಅದು ಹದಿನಾಲ್ಕನೇ ವಯಸ್ಸಿನಲ್ಲಿ ನಾನು ಹೇಳಿದ ಒಂದು ಸುಳ್ಳು. ಅದನ್ನು ಒಪ್ಪಿಕೊಳ್ಳಲೆಂದೇ ಬರೆಯಲು ಕೂತಿದ್ದೇನೆ. ಆದರೆ ಬಸ್ಸು ಓಡಿಸಿದವನಿಗೆ ನೇರವಾಗಿ ಹೋಗಿ ಗೊತ್ತಿಲ್ಲ, ಎಲ್ಲ ಸ್ಟಾಪಿನಲ್ಲೂ ನಿಂತೇ ಅಭ್ಯಾಸ. ಸ್ವಲ್ಪ ತಾಳಿಕೊಳ್ಳಿ.

ಶಾಂತಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಮಗಳು ವೀಣಾ ತಾಯಿಯನ್ನು ಇಲ್ಲಿಗೇ ಕರೆಸಿಕೊಂಡಳು. ವೀಣಾ ಮತ್ತು ಅವಳ ಗಂಡ ಇಬ್ಬರೂ ಕ್ಯಾನರಿ ವಾರ್ಫಿನ ಆಫೀಸುಗಳಲ್ಲಿ ಕಂಪ್ಯೂಟರಿನ ಮುಂದೆ ಕೂರುವವರು. ಮನೆ ಕೊಲಿಂಡೇಲಿನ ಒಂದು ಹೊಸ ಕಟ್ಟಡದ ಒಂಬತ್ತನೇ ಮಹಡಿಯ ಫ್ಲಾಟು. ಅಕ್ಕ ಎರಡು ವರ್ಷ ಆ ಫ್ಲಾಟಿನ ಬಾಲ್ಕನಿಯಲ್ಲಿ ಮೆಂತ್ಯೆ ಸೊಪ್ಪು ಬೆಳೆದಳು. ಲಿಫ್ಟಿನಲ್ಲಿ ಇಳಿದು ಕಟ್ಟಡದ ಸುತ್ತ ಎರಡು ಸುತ್ತು ಹಾಕಿ ಮತ್ತೆ ಮೇಲೆ ಬರುವಳು. ಬೀದಿ ದಾಟಿ ಒಬ್ಬಳೇ ಹೋದವಳಲ್ಲ. ಊರಲ್ಲೂ ಹೋದವಳಲ್ಲ. ಮೊದಲು ಅಪ್ಪ, ಆಮೇಲೆ ಭಾವ, ಈಗ ಮಗಳು. ಅಕ್ಕನ ಪಕ್ಕದಲ್ಲಿ ಯಾವಾಗಲೂ ಯಾರಾದರೂ ಇರಲೇಬೇಕು. ಅವಳ ಸ್ವಭಾವವೇ ಹಾಗೆ ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಒಂದು ದಿನ ಕೌನ್ಸಿಲ್‌ನವರು ದೊಡ್ಡವರಿಗಾಗಿ ನಡೆಸುವ ತರಗತಿಗಳ ಚೀಟಿಯೊಂದು ಲೆಟರ್ ಬಾಕ್ಸಿಗೆ ಬಂತು. ಕೇಕಿನ ಅಲಂಕಾರ, ಕುರ್ಚಿಯಲ್ಲಿ ಕೂತೇ ಮಾಡುವ ಯೋಗ, ಆರಂಭದ ಸ್ಪ್ಯಾನಿಶ್. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಅಮೆರಿಕದ ಇತಿಹಾಸ: ಮೊದಲ ಅಧ್ಯಕ್ಷರಿಂದ ಪುನರ್ನಿರ್ಮಾಣದ ತನಕ, ಹತ್ತು ಶನಿವಾರ, ಬೆಳಿಗ್ಗೆ. ವೀಣಾ ತಾಯಿಗೆ ಯೋಗ ಒಳ್ಳೆಯದೆಂದು ತೋರಿಸಿದರೆ ಅಕ್ಕ ಕೊನೆಯ ಸಾಲಿಗೆ ಬೆರಳಿಟ್ಟಳಂತೆ. ಯಾಕಮ್ಮಾ, ನಾವಿರೋದು ಇಂಗ್ಲೆಂಡಿನಲ್ಲಿ, ಅಮೆರಿಕ ಯಾಕೆ ಅಂದಳಂತೆ ವೀಣಾ. ಅಕ್ಕ ಹೇಳಿದ್ದು ಇಷ್ಟು: ತಾನು ಪಿಯುಸಿಯಲ್ಲಿ ಓದುತ್ತಿದ್ದಾಗ ಅಮೆರಿಕದವರು ರಾಜ ಬೇಡವೆಂದು ಯುದ್ಧ ಮಾಡಿ ಗೆದ್ದು, ಒಬ್ಬರನ್ನು ಮೊದಲ ಅಧ್ಯಕ್ಷರನ್ನಾಗಿ ಆರಿಸಿಕೊಳ್ಳುವಲ್ಲಿಗೆ ಪಾಠ ನಿಂತಿತ್ತು. ಮುಂದೆ ಏನಾಯಿತೋ ತಿಳಿಯಲಿಲ್ಲ.

ವೀಣಾ ಇದನ್ನು ನಗುತ್ತಾ ಫೋನಿನಲ್ಲಿ ಹೇಳಿದಳು. ನಾನೂ ನಕ್ಕೆ. ಫೋನಿಟ್ಟ ಮೇಲೆ ಅಡುಗೆಮನೆಯ ಕುರ್ಚಿಯಲ್ಲಿ ಬಹಳ ಹೊತ್ತು ಕೂತೆ. ಚಹಾ ಆರಿಹೋಯಿತು.

ತರಗತಿ ಇದ್ದದ್ದು ಹ್ಯಾರೋದ ಕಡೆ, ಒಂದು ಲೈಬ್ರರಿಯ ಮೇಲಿನ ಕೋಣೆಯಲ್ಲಿ. ಕೊಲಿಂಡೇಲಿನಿಂದ ಎರಡು ಬಸ್ಸು. ಶನಿವಾರ ವೀಣಾಳಿಗೆ ಮಗನ ಈಜಿನ ತರಗತಿ. ಅಕ್ಕನನ್ನು ಕರೆದುಕೊಂಡು ಹೋಗಲು ಯಾರಾದರೂ ಬೇಕಲ್ಲ. ನನಗೆ ಆಗಷ್ಟೇ ನಿವೃತ್ತಿಯಾಗಿತ್ತು, ಅರವತ್ತಾಯಿತೆಂದು ಊರೆಲ್ಲ ಪುಕ್ಕಟೆ ತಿರುಗುವ ಪಾಸೂ ಬಂದಿತ್ತು. ನಾನಿದ್ದೇನೆ ಅಂದೆ. ಹೀಗೆ ನಲವತ್ತಾರು ವರ್ಷಗಳ ಮೇಲೆ ಅಕ್ಕನನ್ನು ಪಾಠಕ್ಕೆ ಕರೆದೊಯ್ಯುವ ಕೆಲಸ ಮತ್ತೆ ನನ್ನ ಪಾಲಿಗೆ ಬಂತು.

ನಾನು ಹೊರಗೆ ಕಾರಿಡಾರಿನಲ್ಲಿ ಕಾಯುವವನಿದ್ದೆ. ಆದರೆ ಟೀಚರ್ ಡೋರೀನ್ ಒಪ್ಪಲಿಲ್ಲ. ಆಕೆ ಎಪ್ಪತ್ತರ ಹತ್ತಿರದ, ಶಾಲೆಯಲ್ಲಿ ಕಲಿಸಿ ನಿವೃತ್ತರಾದ, ಹೆತ್ತವರ ಕಾಲಕ್ಕೆ ಜಮೈಕಾದಿಂದ ಬಂದ ಮನೆತನದ ಹೆಂಗಸು. ಕಾರಿಡಾರಿನಲ್ಲಿ ಜನ ನಿಲ್ಲುವುದು ಬೆಂಕಿಯ ನಿಯಮಕ್ಕೆ ವಿರುದ್ಧ, ಒಂದೋ ಒಳಗೆ ಬಾ, ಇಲ್ಲವೇ ಕೆಳಗೆ ಹೋಗು ಅಂದರು. ಕೆಳಗೆ ಚಳಿ. ಒಳಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ. ನನ್ನ ಹೆಸರು ಹಾಜರಿಯಲ್ಲಿರಲಿಲ್ಲ. ಅದರಿಂದ ನನಗೆ ಎಷ್ಟು ಸಮಾಧಾನವಾಗಿತ್ತು ಎಂದು ಶಾಲೆ ಬಿಟ್ಟವರಿಗೆ ಮಾತ್ರ ತಿಳಿಯುತ್ತದೆ. ನಮ್ಮ ಕಡೆ ಹೆಣ್ಣು ಶಿಕ್ಷಕರಿಗೆ ಅಕ್ಕೋರು ಅನ್ನುತ್ತೇವೆ. ಅಕ್ಕ ಮೊದಲ ದಿನವೇ ಡೋರೀನ್ ಅವರನ್ನು ಅಕ್ಕೋರು ಮಾಡಿಬಿಟ್ಟಳು. ಆ ಪದ ಏನೆಂದು ಅವರು ಕೇಳಿ ತಿಳಿದುಕೊಂಡರು. ಮುಂದೆ ಅಕ್ಕ ಕೈ ಎತ್ತಿದಾಗಲೆಲ್ಲ ತುಸು ನೆಟ್ಟಗೆ ನಿಲ್ಲುತ್ತಿದ್ದರು.

ಮೊದಲ ಪಾಠ ನನಗೆ ಬಹಳ ಹಿಡಿಸಿತು. ಮೊದಲನೆಯವರು ಆರಿಸಿ ಬಂದರು ಸರಿ, ಅವರನ್ನು ಏನೆಂದು ಕರೆಯುವುದು? ರಾಜನಿಲ್ಲದ ದೇಶದಲ್ಲಿ ದೊಡ್ಡವರನ್ನು ಕರೆಯುವ ರೀತಿಯೇ ಇನ್ನೂ ಹುಟ್ಟಿರಲಿಲ್ಲ. ಘನತೆವೆತ್ತ, ಮಹಾಮಹಿಮ ಎಂದೆಲ್ಲ ವಾರಗಟ್ಟಲೆ ಚರ್ಚೆ ನಡೆಯಿತಂತೆ. ಮುಂದೆ ಎರಡನೆಯವರಾದ ಮಹಾಶಯರಿಗೆ ಉದ್ದುದ್ದ ಬಿರುದುಗಳ ಮೇಲೆ ಪ್ರೀತಿ. ಜನ ಅವರನ್ನೇ ಗೇಲಿ ಮಾಡಿದರು. ಕೊನೆಗೆ ಸಾದಾ ಅಧ್ಯಕ್ಷರು ಅಂತಲೇ ನಿಂತಿತು. ಧಾರವಾಡದವರು ಯಾರಾದರೂ ಆ ಸಭೆಯಲ್ಲಿದ್ದಿದ್ದರೆ ಸಾಹೇಬ್ರ ಅಂದು ಮೊದಲ ದಿನವೇ ಮುಗಿಸಿಬಿಡುತ್ತಿದ್ದರು. ಆ ಮೊದಲನೆಯವರು ಎರಡು ಸರ್ತಿ ಕುರ್ಚಿಯಲ್ಲಿ ಕೂತು, ಇನ್ನೂ ಕೂರಬಹುದಿತ್ತು, ಸಾಕೆಂದು ಮನೆಗೆ ಹೋದರಂತೆ. ಇದನ್ನು ಕೇಳಿ ನನಗೆ ಎಷ್ಟು ಗೌರವ ಬಂತೆಂದರೆ, ಅವರ ಹಲ್ಲಿನ ಸೆಟ್ಟಿನ ಕತೆ ಬಾರದಿದ್ದರೆ ಪೂಜೆಯನ್ನೇ ಮಾಡುತ್ತಿದ್ದೆನೇನೋ. ಅವರ ಕಟ್ಟಿಸಿದ ಹಲ್ಲು ಮರದ್ದೆಂದು ಜನ ಹೇಳುವುದು ಸುಳ್ಳಂತೆ. ದಂತ, ಲೋಹ, ಜೊತೆಗೆ ಮನುಷ್ಯರ ಹಲ್ಲು. ಅದರಲ್ಲಿ ಅವರದೇ ತೋಟದ ಗುಲಾಮರ ಬಾಯಿಂದ ಬಂದವೂ ಇದ್ದಿರಬಹುದೆಂದು ಅಕ್ಕೋರು ಶಾಂತವಾಗಿ ಹೇಳಿದರು. ನನ್ನ ಬಾಯಲ್ಲೂ ಕೆಳಗಿನ ಸಾಲು ಕಟ್ಟಿಸಿದ್ದು. ನಾಲಿಗೆ ತಾನಾಗಿ ಹೋಗಿ ಅದನ್ನು ಮುಟ್ಟಿ ನೋಡಿತು.

ದೊಡ್ಡವರಿಗೂ ತಪ್ಪು ಅಂಟಿಕೊಂಡಿರುತ್ತದೆ ಎಂಬುದು ನನಗೆ ಆ ದಿನ ಸ್ವಲ್ಪ ಹಿತವೇ ಅನ್ನಿಸಿತು, ಸುಳ್ಳು ಹೇಳಲಾರೆ. ತಪ್ಪು ಮಾಡಿದವನಿಗೆ ಇತಿಹಾಸ ಓದಿದಷ್ಟು ಆರಾಮ ಇನ್ನೆಲ್ಲೂ ಸಿಗದು. ತನಗಿಂತ ದೊಡ್ಡ ತಪ್ಪು ಮಾಡಿದವರು ಸಾಲುಗಟ್ಟಿ ನಿಂತಿರುತ್ತಾರೆ, ಪ್ರತಿಮೆಯಾಗಿ ಬೇರೆ.

ಆಮೇಲೆ ಎರಡನೆಯವರು, ಮೂರನೆಯವರ ಕತೆ. ಮೊದಲು ಜೀವದ ಗೆಳೆಯರು. ಚುನಾವಣೆಯಲ್ಲಿ ಒಬ್ಬರಿಗೊಬ್ಬರು ಎದುರಾಗಿ ಮುಖ ಮುರಿಯಿತು. ಮೂರನೆಯವರು ಅಧಿಕಾರ ವಹಿಸಿಕೊಳ್ಳುವ ದಿನ ಎರಡನೆಯವರು ಬೆಳಕು ಹರಿಯುವ ಮುಂಚೆಯೇ ಗಾಡಿ ಕಟ್ಟಿಸಿಕೊಂಡು ಊರು ಬಿಟ್ಟರು. ಹತ್ತು ವರ್ಷಕ್ಕೂ ಮಿಕ್ಕಿ ಮಾತಿಲ್ಲ. ಕೊನೆಗೆ ನಡುವಿನ ಸ್ನೇಹಿತರೊಬ್ಬರು ಹೇಳಿ ಹೇಳಿ, ಒಬ್ಬರು ಒಂದು ಕಾಗದ ಬರೆದರು, ಇನ್ನೊಬ್ಬರು ಉತ್ತರ ಬರೆದರು. ಆಮೇಲೆ ಸಾಯುವ ತನಕ ಬರೆದೇ ಬರೆದರು. ಸತ್ತದ್ದೂ ಒಂದೇ ದಿನ. ಅದೂ ದೇಶಕ್ಕೆ ಐವತ್ತು ತುಂಬಿದ ದಿನ. ನಮ್ಮ ಕಡೆ ಅಣ್ಣತಮ್ಮಂದಿರು ಬದುವಿನ ಜಗಳಕ್ಕೆ ಮಾತು ಬಿಟ್ಟರೆ ಹೀಗೆ ಕೂಡಿಸುವವರು ಇರುತ್ತಾರೆ, ಇಲ್ಲವೆಂದಲ್ಲ. ಆದರೆ ಜಗಳವಾಡಿದವರನ್ನು ಕೂಡಿಸಬಹುದು. ಜಗಳವೇ ಆಗದಂತೆ ಬಾಯಿ ಮುಚ್ಚಿಕೊಂಡು ಕೂತವನನ್ನು ಯಾರು ಯಾರ ಜೊತೆ ಕೂಡಿಸಬೇಕು?

ಒಂಬತ್ತನೆಯವರು ಬಂದಾಗ ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವರು ಚಳಿಯಲ್ಲಿ ಕೋಟಿಲ್ಲದೆ ನಿಂತು ಎರಡು ತಾಸಿನಷ್ಟು ಭಾಷಣ ಮಾಡಿ, ತಿಂಗಳೊಳಗೆ ತೀರಿಕೊಂಡರು. ಕಾಯಿಲೆ ಬೇರೆಯೇ ಇತ್ತೆಂದೂ ಈಗಿನವರು ಹೇಳುತ್ತಾರಂತೆ. ಲಂಡನ್ನಿನ ರಾಜ್ಯೋತ್ಸವದ ಭಾಷಣಗಳನ್ನು ಕೇಳಿದ ನನಗೆ ಕಾಯಿಲೆ ಮಾತಿನದ್ದೇ ಇರಬೇಕು ಅನ್ನಿಸಿತು. ಹದಿನಾರನೆಯವರು ನನ್ನ ಮನಸ್ಸಿಗೆ ಹತ್ತಿರವಾದದ್ದು ಬೇರೆ ಕಾರಣಕ್ಕೆ: ಅವರು ಶಾಲೆಗೆ ಹೋದದ್ದನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬದಂತೆ. ಅಂದರೆ ಶಾಲೆಯ ಮಟ್ಟಿಗೆ ನಾನು ಅವರಿಗಿಂತ ಎಂಟು ವರ್ಷ ಮುಂದೆ. ಮನೆಗೆ ಬಂದು ಶೈಲಾಳಿಗೆ ಹೇಳಿದೆ. ಅವರು ಆ ಒಂದು ವರ್ಷ ಗಮನ ಕೊಟ್ಟು ಕೂತಿದ್ದರು ಕಾಣಿಸುತ್ತದೆ ಅಂದಳು.

ಇಷ್ಟೆಲ್ಲ ಸ್ಟಾಪಿನಲ್ಲಿ ನಿಂತಾಯಿತು. ಇನ್ನು ನನ್ನದನ್ನು ಹೇಳಬೇಕು.

ನಮ್ಮ ಹಳ್ಳಿಯಿಂದ ಹೈಸ್ಕೂಲು, ಕಾಲೇಜು ಎರಡೂ ನಾಲ್ಕು ಕಿಲೋಮೀಟರು. ಎರಡೂ ಒಂದೇ ಕಂಪೌಂಡಿನಲ್ಲಿ. ಹುಡುಗಿ ಒಬ್ಬಳೇ ಅಷ್ಟು ದೂರ ನಡೆದು ಹೋಗುವುದು ಆಗ ನಮ್ಮಲ್ಲಿ ಇರಲಿಲ್ಲ. ಜೋಡಿಗೆ ಮನೆಯ ಗಂಡುಮಗ ಇರಬೇಕು. ಅವನ ಎತ್ತರ ಹುಡುಗಿಯ ಭುಜಕ್ಕೆ ಬಾರದಿದ್ದರೂ ನಡೆದೀತು, ಗಂಡುಮಗ ಆಗಿದ್ದರಾಯಿತು. ನಾನು ಐದನೇ ಇಯತ್ತೆಯಿಂದ ಆ ದಾರಿಯಲ್ಲಿ ಅಕ್ಕನ ಕಾವಲುಗಾರ. ನಿಜದಲ್ಲಿ ಕಾವಲಿದ್ದದ್ದು ಅವಳು ನನಗೆ. ನಾಯಿ ಬಂದರೆ ನಾನು ಅವಳ ಹಿಂದೆ, ಎಮ್ಮೆ ಬಂದರೂ ಅವಳ ಹಿಂದೆ. ಆದರೂ ಲೆಕ್ಕದಲ್ಲಿ ನನ್ನಿಂದಾಗಿ ಅವಳು ಕಲಿಯುತ್ತಿದ್ದಳು. ಅವಳು ಪಿಯುಸಿ ಮೊದಲ ವರ್ಷಕ್ಕೆ ಬಂದಾಗ ನಾನು ಒಂಬತ್ತನೇ ಇಯತ್ತೆಯಲ್ಲಿದ್ದೆ. ಅಕ್ಕ ದಾರಿಯುದ್ದಕ್ಕೂ ಪುಸ್ತಕ ತೆರೆದುಕೊಂಡೇ ನಡೆಯುವವಳು.

ನಮ್ಮ ಗಣಿತದ ಮಾಸ್ತರರು ಕಟ್ಟಿಗೆಯ ಪಟ್ಟಿಯನ್ನು ಅಡ್ಡ ಹಿಡಿದು ಬೆರಳ ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು. ಮಗ್ಗಿ ತಪ್ಪಿದಷ್ಟು ಪೆಟ್ಟು. ಮರುದಿನ ಹದಿನೇಳರ ಮಗ್ಗಿ ಒಪ್ಪಿಸಬೇಕಿತ್ತು. ನನಗೆ ಹದಿನಾರರ ಹತ್ತಿರವೇ ಉಸಿರು ಕಟ್ಟುತ್ತಿತ್ತು. ಏನಾದರೂ ಮಾಡಿ ಎರಡು ದಿನ ಶಾಲೆ ತಪ್ಪಿಸಬೇಕೆಂದು ಆ ಸಂಜೆ ಅಪ್ಪನಿಗೆ ಹೇಳಿದೆ: ದಾರಿಯಲ್ಲಿ ಹುಡುಗರು ಅಕ್ಕನ ಹಿಂದೆ ಬರುತ್ತಾರೆ, ಸಿಳ್ಳು ಹಾಕುತ್ತಾರೆ. ಯಾರು ಎಂದು ಅಪ್ಪ ಕೇಳಿದರು. ಗೊತ್ತಿಲ್ಲ, ಬೇರೆ ಊರವರು ಅಂದೆ. ಅಪ್ಪ ಇಬ್ಬರನ್ನೂ ಎರಡು ದಿನ ಮನೆಯಲ್ಲಿರಿಸುತ್ತಾರೆ, ಅಷ್ಟರಲ್ಲಿ ಮಾಸ್ತರರು ಹದಿನೆಂಟರ ಮಗ್ಗಿಗೆ ಹೋಗಿರುತ್ತಾರೆ ಎಂಬುದು ನನ್ನ ಎಣಿಕೆ.

ಅಪ್ಪ ಅಕ್ಕನನ್ನು ಮಾತ್ರ ಬಿಡಿಸಿದರು. ಎರಡು ದಿನಕ್ಕಲ್ಲ, ಪೂರ್ತಿ. ನಾನು ಮರುದಿನ ಒಬ್ಬನೇ ಶಾಲೆಗೆ ಹೋದೆ. ಜೋಡಿ ಬೇಕಾದದ್ದು ಹುಡುಗಿಗೆ ತಾನೆ. ಹದಿನೇಳರ ಮಗ್ಗಿಯಲ್ಲಿ ಆರು ಪೆಟ್ಟು ತಿಂದೆ. ಪರೀಕ್ಷೆಯಲ್ಲಿ ನಪಾಸಾಗಿ ಶಾಲೆಯನ್ನೂ ಬಿಟ್ಟೆ. ಅಕ್ಕನಿಗೆ ಅಪ್ಪ ಕಾರಣ ಹೇಳಿದ್ದು ಒಂದೇ ಮಾತಿನಲ್ಲಿ, ಹುಡುಗರ ಕಾಟವಂತೆ, ಸಾಕು ಎಂದು. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ನನ್ನ ಕಡೆ ಒಂದು ಸಲ ನೋಡಿದಳು. ನಾನು ಎಮ್ಮೆಗೆ ಹುಲ್ಲು ಹಾಕಲು ಹೋದೆ. ಎರಡು ವರ್ಷಕ್ಕೆ ಅವಳ ಮದುವೆಯಾಯಿತು. ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ; ಅವಳ ಮದುವೆಯಲ್ಲಿ, ಅಪ್ಪ ಸತ್ತಾಗ, ನಾನು ಶೈಲಾಳ ಕೈ ಹಿಡಿದು ಈ ದೇಶಕ್ಕೆ ವಿಮಾನ ಹತ್ತುವಾಗ. ಪ್ರತಿ ಸಲವೂ ಈಗ ಹೇಳಿ ಏನು ಪ್ರಯೋಜನ ಎಂಬ ಮಾತು ಸಹಾಯಕ್ಕೆ ಬರುತ್ತಿತ್ತು. ಹೇಡಿಗೆ ಅದರಷ್ಟು ನಂಬಿಕೆಯ ಮಾತು ಇನ್ನೊಂದಿಲ್ಲ.

ಆರನೇ ಶನಿವಾರದ ಪಾಠ ದಕ್ಷಿಣದ ರಾಜ್ಯಗಳ ಗುಲಾಮಗಿರಿ ಮತ್ತು ಅಂತರ್ಯುದ್ಧದ ಬಗ್ಗೆ. ಅಣ್ಣ ಒಂದು ಸೇನೆಯಲ್ಲಿ, ತಮ್ಮ ಇನ್ನೊಂದರಲ್ಲಿ ನಿಂತ ಮನೆಗಳಿದ್ದವಂತೆ. ಆಮೇಲೆ ಅಕ್ಕೋರು ಒಂದು ಸಂಗತಿ ಹೇಳಿದರು. ಆ ರಾಜ್ಯಗಳಲ್ಲಿ ಬಹಳ ಕಡೆ ಗುಲಾಮರಿಗೆ ಓದು ಕಲಿಸುವುದೇ ಅಪರಾಧವಾಗಿತ್ತು. ಅಕ್ಷರ ತಿಳಿದವರು ಕಟ್ಟಿನಲ್ಲಿರುವುದಿಲ್ಲ ಎಂಬ ಭಯ. ಯುದ್ಧ ಮುಗಿದು ಬಿಡುಗಡೆಯಾದಾಗ ಆ ಜನ ಮೊದಲು ಕೇಳಿದ್ದರಲ್ಲಿ ಶಾಲೆಯೂ ಒಂದು. ಚರ್ಚಿನಲ್ಲಿ, ಕೊಟ್ಟಿಗೆಯಲ್ಲಿ, ಮರದ ಕೆಳಗೆ ಶಾಲೆ ತೆರೆದರು. ಮೊಮ್ಮಕ್ಕಳ ಪಕ್ಕದಲ್ಲಿ ಅಜ್ಜಿಯರು ಕೂತು ಅಕ್ಷರ ಕೂಡಿಸುತ್ತಿದ್ದರಂತೆ. ನಾನು ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕನನ್ನು ನೋಡಿದೆ. ಕೂದಲೆಲ್ಲ ಬೆಳ್ಳಗಾಗಿ, ದಪ್ಪ ಕನ್ನಡಕ ಹಾಕಿ, ಇಂಗ್ಲಿಷ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬಿಡಿಸಿ ಬಿಡಿಸಿ ಬರೆದುಕೊಳ್ಳುತ್ತಿದ್ದಳು. ಆ ಜನರ ನೋವಿನ ಪಕ್ಕದಲ್ಲಿ ನಮ್ಮ ಮನೆಯ ಕತೆಯನ್ನು ಇಡಬಾರದು, ಅಷ್ಟು ತಿಳಿಯುತ್ತದೆ ನನಗೆ. ಆದರೆ ಎದೆಗೆ ಅಳತೆಗೋಲು ಇರುವುದಿಲ್ಲವಲ್ಲ. ಬೆಂಕಿಯ ನಿಯಮ ಮುರಿದು ಕಾರಿಡಾರಿಗೆ ಹೋಗಿ ನಿಂತೆ.

ವಾಪಸು ಬರುವಾಗ ಬಸ್ಸಿನ ಮೇಲಿನ ಮಹಡಿಯಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದೆವು. ಅಕ್ಕನಿಗೆ ಆ ಜಾಗ ಇಷ್ಟ. ಲಂಡನ್ನಿನ ಬಸ್ಸಿನಲ್ಲಿ ಒಂದು ಅನುಕೂಲವಿದೆ, ಕನ್ನಡದಲ್ಲಿ ಏನು ಬೇಕಾದರೂ ಗಟ್ಟಿಯಾಗಿ ಹೇಳಬಹುದು. ಹೇಳಿಬಿಟ್ಟೆ. ಮಗ್ಗಿ, ಪಟ್ಟಿ, ಸಿಳ್ಳು, ಎಲ್ಲವನ್ನೂ.

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ ಕೇಳಿದಳು.

“ಹಂಗಾರ ಯಾರೂ ಸಿಳ್ಳು ಹಾಕಿರಲಿಲ್ಲೇನು?”

“ಇಲ್ಲಕ್ಕಾ.”

“ಒಬ್ಬರೂ?”

“ಒಬ್ಬರೂ ಇಲ್ಲ.”

ಅವಳ ಮುಖದಲ್ಲಿ ಒಂದು ಗಳಿಗೆ ಬಂದುಹೋದದ್ದನ್ನು ನಾನು ಹೇಗೆ ಹೇಳಲಿ? ಸಿಟ್ಟಿಗಿಂತ ಮೊದಲು, ದುಃಖಕ್ಕಿಂತ ಮೊದಲು, ಸ್ವಲ್ಪ ನಿರಾಸೆಯೇ ಬಂದಿತ್ತು. ಹದಿನೇಳು ವರ್ಷದ ಹುಡುಗಿ ನಲವತ್ತಾರು ವರ್ಷ ಬಚ್ಚಿಟ್ಟುಕೊಂಡಿದ್ದ ಒಂದು ಸಿಳ್ಳನ್ನೂ ನಾನು ಕಿತ್ತುಕೊಂಡಂತಾಗಿತ್ತು. ಆಮೇಲೆ ಉಳಿದದ್ದು ಬಂತು.

“ನಾ ಏನ್ ತಪ್ಪು ಮಾಡೀನಿ ಅಂತ ಎಷ್ಟು ವಿಚಾರ ಮಾಡೀನಿ ಗೊತ್ತೈತೇನ ಮಲ್ಲ್ಯಾ? ಕೆಂಪು ರಿಬ್ಬನ್ ಕಟ್ಟಿದ್ನಿ, ಅದಕ್ಕೇನೋ ಅಂತ. ದಾರ್ಯಾಗ ನಗತಿದ್ನಿ, ಅದಕ್ಕೇನೋ ಅಂತ. ಆಮ್ಯಾಲ ನಾ ರಸ್ತೆದಾಗ ನಕ್ಕಿಲ್ಲೋ. ಒಬ್ಬಾಕೀನ ಹೊರಗ ಹೋಗಿಲ್ಲ. ಯಾರರ ನೋಡಿದ್ರ ನಂದ ತಪ್ಪು ಅಂತ.”

ನಾನು ಕಸಿದದ್ದು ಕಾಲೇಜನ್ನು ಮಾತ್ರ ಎಂದು ಇಷ್ಟು ವರ್ಷ ಲೆಕ್ಕ ಹಾಕಿದ್ದೆ. ರಸ್ತೆಯನ್ನೂ ಕಸಿದಿದ್ದೆ.

“ಇಳಿ” ಅಂದಳು ಅಕ್ಕ. “ಮುಂದಿನ ಸ್ಟಾಪಿಗೆ ಇಳಿ. ನಾ ಒಬ್ಬಾಕೀನ ಹೋಗ್ತೀನಿ.”

ಎದ್ದೆ. ಆಗ ಹಿಂದಿನ ಸೀಟಿನಲ್ಲಿದ್ದ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಿದ್ದ ಹುಡುಗಿ ಒಂದು ಕಿವಿಯದ್ದನ್ನು ತೆಗೆದು, “ಸಾರಿ ಅಂಕಲ್, ಕೇಳಿಸ್ಕೊಂಡ್ಬಿಟ್ಟೆ” ಅಂದಳು. ಪಕ್ಕಾ ಬೆಂಗಳೂರು. ಆಮೇಲೆ ಅಕ್ಕನ ಕಡೆ ಬಾಗಿ, “ಆಂಟಿ, ಎಲ್ಲಿಗೆ ಹೋಗ್ಬೇಕು ಹೇಳಿ. ಬೇಕಾದ್ರೆ ಜೊತೆಗೆ ಬರ್ತೀನಿ” ಅಂದಳು. ಅಕ್ಕ ಅವಳಿಗೆ ಬೇಡವಮ್ಮಾ, ನಾನೇ ಹೋಗುತ್ತೇನೆ ಅಂದದ್ದು ನನಗೆ ಮೆಟ್ಟಿಲಿಳಿಯುವಾಗ ಕೇಳಿಸಿತು. ಬಸ್ಸು ಹೊರಟಿತು. ಇಪ್ಪತ್ತಾರು ವರ್ಷ ಜನರನ್ನು ಇಳಿಸಿ ಹೋದವನಿಗೆ, ಇಳಿಸಿ ಹೋದಾಗ ಹೇಗಿರುತ್ತದೆಂದು ಅಂದು ಗೊತ್ತಾಯಿತು.

ಮೂರು ಶನಿವಾರ ಅಕ್ಕ ನನ್ನನ್ನು ಕರೆಯಲಿಲ್ಲ. ಫೋನು ಮಾಡಿದರೆ ತೆಗೆಯಲಿಲ್ಲ. ವೀಣಾಳೇ ಮಾಡಿದಳು. “ಮಾಮಾ, ಏನು ಮಾಡಿದಿರಿ ಅಮ್ಮನಿಗೆ? ಒಬ್ಬಳೇ ಬಸ್ಸಲ್ಲಿ ಹೋಗ್ತೀನಿ ಅಂತಾಳೆ. ನಿನ್ನೆ ಒಬ್ಬಳೇ ಜಿಪಿ ಡಾಕ್ಟರ ಹತ್ರ ಹೋಗಿ ಬಂದಿದ್ದಾಳೆ” ಎಂದು ದೂರೋ ಸಂತೋಷವೋ ತಿಳಿಯದ ಧ್ವನಿಯಲ್ಲಿ ಹೇಳಿದಳು. ನಾನು ಮಾಡಿದ್ದನ್ನು ಅವಳಿಗೂ ಹೇಳಿದೆ, ಆಮೇಲೆ ಶೈಲಾಳಿಗೂ. ಮೊದಲ ಸಲ ಹೇಳುವುದಷ್ಟೇ ಕಷ್ಟ. ಆಮೇಲೆ ಬಾಯಿಗೆ ದಾರಿ ಗೊತ್ತಿರುತ್ತದೆ. ವೀಣಾ ಆಮೇಲೆ ಮಾತಾಡೋಣ ಎಂದು ಫೋನಿಟ್ಟಳು. ಶೈಲಾ ತಟ್ಟೆ ಒರೆಸುವುದನ್ನು ನಿಲ್ಲಿಸಿ, ನಿಮ್ಮ ಅಕ್ಕನ ಜಾಗದಲ್ಲಿ ನಾನಿದ್ದರೆ ಬಸ್ಸು ನಿಲ್ಲುವ ತನಕ ಕಾಯುತ್ತಿರಲಿಲ್ಲ ಅಂದಳು.

ಏಳನೇ ಶನಿವಾರ ನಾನು ತಡೆಯಲಾರದೆ ಕೊಲಿಂಡೇಲಿಗೆ ಹೋಗಿ ರಸ್ತೆಯ ಆಚೆ ಬದಿಯ ಸ್ಟಾಪಿನಲ್ಲಿ ನಿಂತೆ, ಅಕ್ಕ ಸರಿಯಾದ ಬಸ್ಸು ಹತ್ತುತ್ತಾಳೋ ಇಲ್ಲವೋ ನೋಡಲು. ಅವಳು ಬಂದಳು. ಸೀರೆಯ ಮೇಲೆ ಕೋಟು, ಕೈಯಲ್ಲಿ ಪುಸ್ತಕದ ಚೀಲ. ಬಸ್ಸಿನ ಹಣೆಯ ಮೇಲಿನ ನಂಬರನ್ನು ಎರಡು ಸಲ ಓದಿಕೊಂಡಳು. ಹತ್ತುವಾಗ ನನ್ನನ್ನು ನೋಡಿದಳು. ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎರಡನೆಯವರು, ಮೂರನೆಯವರು ಹತ್ತು ವರ್ಷ ಹೇಗೆ ಕಳೆದರೋ. ನನಗೆ ಮೂರು ವಾರಕ್ಕೇ ಊಟ ಸೇರದಾಯಿತು. ಆದರೆ ಅವಳು ಒಬ್ಬಳೇ ಬಸ್ಸು ಹತ್ತುವುದನ್ನು ನೋಡಿದಾಗ ಎದೆ ತುಂಬಿ ಬಂದದ್ದೂ ನಿಜ.

ಹತ್ತನೆಯ ವಾರದ ಶುಕ್ರವಾರ ಫೋನು ಬಂತು. ನಮಸ್ಕಾರವಿಲ್ಲ, ಹೇಗಿದ್ದೀ ಇಲ್ಲ.

“ನಾಳೆ ಕಡೇ ಪಾಠ ಐತಿ. ಬಾ. ನನ್ನ ಕರಕೊಂಡು ಹೋಗಾಕ ಬರಬ್ಯಾಡ, ನನಗ ದಾರಿ ಗೊತ್ತೈತಿ. ಕಲಿಯಾಕ ಬಾ. ಅಕ್ಕೋರಿಗೆ ಹೇಳಿ ನಿನ್ನ ಹೆಸರು ಬರಸೀನಿ.”

ನಾನು ಗ್ರೀನ್‌ಫರ್ಡಿನಿಂದ ಬೇರೆ ಬಸ್ಸಿನಲ್ಲಿ ಹೋದೆ. ಅಕ್ಕ ಮೊದಲೇ ಬಂದು ಕೂತಿದ್ದಳು. ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟಿದ್ದವಳು ನನ್ನನ್ನು ನೋಡಿ ಅದನ್ನು ಕೆಳಗಿಳಿಸಿದಳು. ಅಕ್ಕೋರು ಹಾಜರಿ ಕರೆದರು. ಮಲ್ಲಪ್ಪ ಎಂಬುದನ್ನು ಅವರು ಹೇಳಿದ ರೀತಿಗೆ ನಮ್ಮ ಅಪ್ಪನಿಗೂ ಅದು ತಾನಿಟ್ಟ ಹೆಸರೆಂದು ತಿಳಿಯುತ್ತಿರಲಿಲ್ಲ. ನಾನು ಎದ್ದು ನಿಂತು ಪ್ರೆಸೆಂಟ್ ಅಂದೆ. ಇಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲವೆಂದು ಆಮೇಲೆ ನೆನಪಾಯಿತು.

ಪಾಠ ಪುನರ್ನಿರ್ಮಾಣದ್ದು, ಅಂದರೆ ಯುದ್ಧದ ನಂತರ ದೇಶವನ್ನು ಮತ್ತೆ ಕಟ್ಟಲು ಹೊರಟ ಕಾಲದ್ದು. ಯುದ್ಧ ಮುಗಿಯಿತು, ಗುಲಾಮಗಿರಿ ಹೋಯಿತು, ಹದಿನಾರನೆಯವರನ್ನು ಕೊಂದರು. ಅವರ ಜಾಗಕ್ಕೆ ಬಂದ ಹದಿನೇಳನೆಯವರು ಮೊದಲು ದರ್ಜಿ. ಶಾಲೆಯ ಮುಖವನ್ನೇ ನೋಡದವರು, ಹೆಂಡತಿ ಕೂರಿಸಿಕೊಂಡು ಬರವಣಿಗೆ ತಿದ್ದಿಸಿದಳಂತೆ. ಶಾಲೆ ಕಲಿಯದವರೆಲ್ಲ ಹದಿನಾರನೆಯವರಂತೆ ಆಗುವುದಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ಹರಿದದ್ದನ್ನು ಹೊಲಿಯಬೇಕಾದ ಹೊತ್ತಿನಲ್ಲಿ ಆ ದರ್ಜಿ ಅಡ್ಡ ಕೂತರು. ಅವರನ್ನು ಕಿತ್ತುಹಾಕಲು ವಿಚಾರಣೆ ನಡೆದು, ಒಂದೇ ಒಂದು ಮತದಿಂದ ಕುರ್ಚಿ ಉಳಿಯಿತು. ಹದಿನೆಂಟನೆಯವರು ಯುದ್ಧ ಗೆದ್ದ ಸೇನಾಪತಿ, ಒಂದಷ್ಟು ಮಾಡಿದರು. ಆಮೇಲೆ ಎಲ್ಲರಿಗೂ ಬೇಸರ ಬಂತು. ಕಾವಲಿಗಿದ್ದ ಸೈನಿಕರನ್ನು ವಾಪಸು ಕರೆಸಿಕೊಂಡರು. ಬಿಡುಗಡೆಯಾದ ಜನ, ಅವರ ಶಾಲೆ, ಅವರ ಮತ, ಎಲ್ಲವೂ ಅರ್ಧಕ್ಕೆ ನಿಂತಿತು. ಉಳಿದರ್ಧಕ್ಕೆ ಮತ್ತೆ ಕೈ ಹಚ್ಚಲು ಹತ್ತಿರ ಹತ್ತಿರ ನೂರು ವರ್ಷ ಬೇಕಾಯಿತು.

ಅಕ್ಕ ಕೈ ಎತ್ತಿ ತನ್ನ ಇಂಗ್ಲಿಷಿನಲ್ಲಿ ಕೇಳಿದಳು, ತಪ್ಪಾಯಿತೆಂದು ಒಪ್ಪಿಕೊಂಡ ಮೇಲೆ ಕೆಲಸ ಮುಗಿಯಿತು ಅಂದುಕೊಂಡರೇ ಅವರು? ಅಕ್ಕೋರು ಪುಸ್ತಕ ಮುಚ್ಚಿದರು. ಬಹಳ ಜನ ಹಾಗೇ ಅಂದುಕೊಂಡರು ಎಂದರು. ಅಕ್ಕ ಬರೆದುಕೊಂಡಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಬೇಕಾದ ಅಗತ್ಯವೂ ಇರಲಿಲ್ಲ.

ನಿನ್ನನ್ನು ಕ್ಷಮಿಸಿದೆ ಎಂದು ಅಕ್ಕ ಈ ತನಕ ಹೇಳಿಲ್ಲ. ನಾನೂ ಕೇಳಿಲ್ಲ. ನಾನು ಒಪ್ಪಿಕೊಂಡು ಹಗುರಾದದ್ದು ನನ್ನ ಯುದ್ಧ ಮುಗಿದಂತೆ ಅಷ್ಟೆ. ಅವಳ ಕಡೆ ಕಟ್ಟಬೇಕಾದದ್ದು ಹಾಗೇ ಇದೆ, ಅದಕ್ಕೆ ಶನಿವಾರಗಳು ಬೇಕಾಗುತ್ತವೆ. ಈಗ ಅವಳು ಜನವರಿಯಲ್ಲಿ ಶುರುವಾಗುವ ಫ್ರಾನ್ಸಿನ ಕ್ರಾಂತಿಯ ತರಗತಿಗೂ ನಮ್ಮಿಬ್ಬರ ಹೆಸರು ಬರೆಸಿದ್ದಾಳೆ. ಅಲ್ಲಿ ತಲೆಗಳೇ ಉರುಳುತ್ತವಂತೆ.

ಕಡೆಯ ಪಾಠ ಮುಗಿಯುವ ಮುಂಚೆ ಅಕ್ಕೋರು ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಪುನರ್ನಿರ್ಮಾಣ ಯಾಕೆ ಅರ್ಧಕ್ಕೆ ನಿಂತಿತು, ಅರ್ಧ ಪುಟ ಬರೆಯಿರಿ, ಯಾವ ಭಾಷೆಯಲ್ಲಾದರೂ ಸರಿ ಅಂದಿದ್ದರು. ನಾನು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಮೂರು ಪಾಠ ತಪ್ಪಿಸಿದವನಿಗೆ ಏನು ಹೊಳೆಯಬೇಕು? ಮೆಲ್ಲಗೆ ಅಕ್ಕನ ಹಾಳೆಯ ಕಡೆ ಕಣ್ಣು ಹಾಯಿಸಿದೆ. ಅಕ್ಕ ತಲೆ ಎತ್ತಲಿಲ್ಲ. ಎಡಗೈಯನ್ನು ಗೋಡೆಯ ಹಾಗೆ ಅಡ್ಡ ಇಟ್ಟು, ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು.

“ನಿಂದು ನೀ ಬರಿ” ಅಂದಳು.

ಬರೆಯತೊಡಗಿದೆ.